ಹಳೆ ಷೆವಿಗೆ ನಾಲ್ಕು ಬಾಗಿಲು, ಗಿಡ್ಡ ಬೆಡ್: ಯಾವ ಗಾಡಿಯನ್ನು ಕೊಯ್ಯಬೇಕು?

ಪ್ರಶ್ನೆ: ನಾನು ಹಾಸನದ ಕಡೆಯವನು, ಈಗ ಟೆಕ್ಸಸ್‌ನಲ್ಲಿದ್ದೇನೆ. 1979ರ ಷೆವ್ರೊಲೆ ಸಿ10 ಪಿಕಪ್ ಒಂದನ್ನು ಕೊಂಡಿದ್ದೇನೆ. ಎರಡು ಬಾಗಿಲಿನ ಕ್ಯಾಬ್, ಹಿಂದೆ ಸಾಮಾನು ಹಾಕುವ ಎಂಟಡಿ ಬೆಡ್. ಮೂರು ಮತ್ತು ಏಳು ವರ್ಷದ ಮಕ್ಕಳಿದ್ದಾರೆ. ನಾಲ್ಕು ಬಾಗಿಲಿನ ಕ್ಯಾಬ್ ಕೂರಿಸಿ, ಬೆಡ್ ಗಿಡ್ಡ ಮಾಡಿ, ಮನೆಯ ಗ್ಯಾರೇಜಿನೊಳಗೆ ನಿಲ್ಲುವ ಹಾಗೆ ಮಾಡಬೇಕೆಂಬ ಆಸೆ. ಇರುವ ಫ್ರೇಮನ್ನೇ (ಗಾಡಿಯನ್ನು ಹೊರುವ ಕೆಳಗಿನ ಚೌಕಟ್ಟನ್ನೇ) ಉದ್ದ ಮಾಡಬಹುದೇ? ಎರಡು ಕ್ಯಾಬ್ ಕತ್ತರಿಸಿ ಒಂದು ಮಾಡಬಹುದೇ? ವೆಲ್ಡಿಂಗ್ ಸ್ವಲ್ಪ ಬರುತ್ತದೆ. ಊರಲ್ಲಿ ನನ್ನ ತಮ್ಮನೂ ತನ್ನ ಬೊಲೆರೊ ಪಿಕಪ್‌ಗೆ ಇಂಥದ್ದೇ ಮಾಡಿಸಬೇಕು ಅನ್ನುತ್ತಿದ್ದಾನೆ.

ಉತ್ತರ: ಎರಡು ಕ್ಯಾಬ್ ಸೇರಿಸುವ ಯೋಚನೆಯನ್ನು ಇವತ್ತೇ ಬಿಡಿ. ನಿಮ್ಮ ಫ್ರೇಮನ್ನು ಉದ್ದ ಮಾಡಬಹುದು, ಆದರೆ ಮಾಡಬೇಡಿ. ಕಂಪನಿಯಿಂದಲೇ ನಾಲ್ಕು ಬಾಗಿಲಿನ ಕ್ರೂ ಕ್ಯಾಬ್ ಆಗಿ ಬಂದ, ಅದೇ ಕಾಲದ ಹಳೆ ಷೆವಿ ಅಥವಾ ಜಿಎಂಸಿ ಒಂದನ್ನು ಹುಡುಕಿ ಕೊಂಡು ಅದನ್ನು ಗಿಡ್ಡ ಮಾಡಿ. ನಿಮ್ಮ ಸಿ10ನಲ್ಲಿ ಚೆನ್ನಾಗಿರುವ ಸಾಮಾನನ್ನೆಲ್ಲ ಅದಕ್ಕೆ ಹಾಕಿಕೊಳ್ಳಿ. ಹೀಗೆ ಯಾಕೆ ಹೇಳುತ್ತೇನೆಂದರೆ, ಟೇಪು ಹಿಡಿದು ಲೆಕ್ಕ ಹಾಕಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

1973ರಿಂದ 1987ರವರೆಗಿನ ಈ ಚೌಕ ಮೈಯ ಜಿಎಂ (ಷೆವಿ, ಜಿಎಂಸಿ ಎರಡರ ಮಾತೃ ಕಂಪನಿ ಜನರಲ್ ಮೋಟರ್ಸ್) ಪಿಕಪ್‌ಗಳಲ್ಲಿ ಎರಡು ಬಾಗಿಲಿನ ಗಿಡ್ಡ ಬೆಡ್ ಗಾಡಿಯ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ನಡುವಿನ ಅಂತರ, 117.5 ಇಂಚು. ನಿಮ್ಮದು ಉದ್ದ ಬೆಡ್, 131.5 ಇಂಚು. ಕ್ರೂ ಕ್ಯಾಬ್ ಎಂಟಡಿ ಬೆಡ್‌ನೊಂದಿಗೆ 164.5 ಇಂಚು. ಅಂದರೆ ನಾಲ್ಕು ಬಾಗಿಲಿನ ಕ್ಯಾಬ್‌ನಿಂದ ಸೇರುವುದು 33 ಇಂಚು, ಗಿಡ್ಡ ಬೆಡ್‌ನಿಂದ ವೀಲ್‌ಬೇಸ್‌ನಲ್ಲಿ ಕಳೆಯುವುದು 14 ಇಂಚು. ನಿಮಗೆ ಬೇಕಾದ ಗಾಡಿಯ ವೀಲ್‌ಬೇಸ್ ಹಾಗಾದರೆ 150.5 ಇಂಚು. ಇದನ್ನು ಮುಟ್ಟಲು ನಿಮ್ಮ ಸಿ10ಗೆ 19 ಇಂಚು ಹೊಸ ಕಬ್ಬಿಣ ಸೇರಿಸಬೇಕು. ಕ್ರೂ ಕ್ಯಾಬ್ ಆದರೆ 14 ಇಂಚು ತೆಗೆದರೆ ಸಾಕು.

ಸೇರಿಸುವುದೂ ತೆಗೆಯುವುದೂ ಒಂದೇ ಅಲ್ಲವೇ, ಎರಡಕ್ಕೂ ಕೊಯ್ಯಲೇಬೇಕಲ್ಲ ಎಂದು ಕೇಳಬಹುದು. ಒಂದೇ ಅಲ್ಲ. ಫ್ರೇಮ್ ಎಂದರೆ ಎರಡು ಆಕ್ಸೆಲ್‌ಗಳ ಮೇಲೆ ಮಲಗಿರುವ ತೊಲೆ. ನಡುವೆ ಅದೇ ಭಾರ ಬಿದ್ದರೆ, ತೊಲೆ ಎಷ್ಟು ಉದ್ದವೋ ಬಾಗುವ ಒತ್ತಡವೂ ಅಷ್ಟೇ ಹೆಚ್ಚು. 131.5ನ್ನು 150.5 ಮಾಡಿದರೆ ಆ ಒತ್ತಡ ಶೇಕಡ 14ರಷ್ಟು ಏರುತ್ತದೆ. ಅದರ ಮೇಲೆ ಇನ್ನಷ್ಟು ತೂಕದ ಕ್ಯಾಬ್, ಹಿಂದಿನ ಸೀಟಿನಲ್ಲಿ ಮೂರು ಜನ. ಹೊರುವುದು ಮಾತ್ರ ಅರ್ಧ ಟನ್ ವರ್ಗದ ಗಾಡಿಗೆಂದು ಮಾಡಿದ ತೆಳು ರೈಲು, ಅಂದರೆ ಫ್ರೇಮಿನ ಪಕ್ಕದ ಉದ್ದ ತೊಲೆ, ಅದೂ ನಡುವೆ ಬೆಸುಗೆ ಬಿದ್ದದ್ದು. ಕ್ರೂ ಕ್ಯಾಬ್ ಫ್ರೇಮ್ ಹಾಗಲ್ಲ. ಆ ಕಾಲದಲ್ಲಿ ಜಿಎಂ ಅದನ್ನು ಮುಕ್ಕಾಲು ಟನ್ ಮತ್ತು ಒಂದು ಟನ್ ವರ್ಗದಲ್ಲಿ ಮಾತ್ರ ಕೊಡುತ್ತಿತ್ತು. ಆ ಭಾರ ಹೊತ್ತು 164.5 ಇಂಚಿನ ಅಂತರ ದಾಟಲೆಂದೇ ಮಾಡಿದ ಫ್ರೇಮ್ ಅದು. 150.5ಕ್ಕೆ ಇಳಿಸಿದರೆ ಅದರ ಮೇಲಿನ ಒತ್ತಡ ಕಡಿಮೆಯೇ ಆಗುತ್ತದೆ. ನಿಮ್ಮ ಬೆಸುಗೆ ಶಾಸ್ತ್ರಕ್ಕಿಂತ ಸ್ವಲ್ಪ ಕಮ್ಮಿಯಾದರೂ ತಾಳಿಕೊಳ್ಳಲು ಅವಕಾಶವಿರುತ್ತದೆ.

ಇಷ್ಟು ಒಳ್ಳೆಯ ಅಳತೆಯ ಗಾಡಿಯನ್ನು ಕಂಪನಿಯೇ ಯಾಕೆ ಮಾಡಲಿಲ್ಲ ಎಂದು ಬಹಳ ಜನ ಕೇಳುತ್ತಾರೆ. ಆಗ ನಾಲ್ಕು ಬಾಗಿಲಿನ ಪಿಕಪ್ ಮನೆಮಂದಿಯ ಗಾಡಿಯಾಗಿರಲಿಲ್ಲ. ಇಂಟರ್‌ನ್ಯಾಷನಲ್ ಕಂಪನಿ 1957ರಲ್ಲಿ ಟ್ರಾವೆಲೆಟ್ ಹೆಸರಿನಲ್ಲಿ ಮೂರು ಬಾಗಿಲಿನ ಕ್ರೂ ಕ್ಯಾಬ್ ತಂದಾಗಲೂ, ಜಿಎಂ 1973ರಲ್ಲಿ ತನ್ನದನ್ನು ತಂದಾಗಲೂ ಕೊಳ್ಳುತ್ತಿದ್ದವರು ರೈಲ್ವೆ, ವಿದ್ಯುತ್ ಲೈನ್, ಅರಣ್ಯ, ಎಣ್ಣೆಬಾವಿಗಳ ಕೆಲಸದವರು. ಆರು ಆಳು ಹತ್ತಬೇಕು, ಸಲಕರಣೆಯೆಲ್ಲ ಹಿಂದೆ ಹಿಡಿಯಬೇಕು. ಅವರಿಗೆ ಗಿಡ್ಡ ಬೆಡ್ ಯಾಕೆ? ಕೆಲಸದವರ ಗಾಡಿಗಳಾದ್ದರಿಂದಲೇ ಇವು ಚೆನ್ನಾಗಿ ದುಡಿದು, ಚೆನ್ನಾಗಿ ತುಕ್ಕು ಹಿಡಿದು ನಿಮ್ಮ ಕೈಗೆ ಬರುತ್ತವೆ. ಟೆಕ್ಸಸ್‌ನಲ್ಲಿರುವುದು ನಿಮ್ಮ ಅದೃಷ್ಟ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಿಂದ ಬಂದ ಗಾಡಿಯನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ.

ಕೊಳ್ಳಲು ಹೋದಾಗ ಒಂದು ಆಯಸ್ಕಾಂತ ಜೇಬಿನಲ್ಲಿರಲಿ. ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆ ಭಾಗ, ಕ್ಯಾಬಿನ ಹಿಂದಿನ ಎರಡು ಮೂಲೆ, ಮಳೆನೀರು ಹರಿಯುವ ಚಾವಣಿಯ ಅಂಚು, ಈ ಮೂರು ಕಡೆ ಅದನ್ನು ಇಟ್ಟು ನೋಡಿ. ಹಿಡಿಯದಿದ್ದರೆ ಅಲ್ಲಿ ಕಬ್ಬಿಣವಿಲ್ಲ, ಪುಟ್ಟಿ ಇದೆ. ಕಾಲಡಿಯ ಮ್ಯಾಟ್ ಎತ್ತಿ ಹಿಂದಿನ ಸೀಟಿನ ಕೆಳಗೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಹಿಂಬಾಗಿಲು ಎರಡೂ ಪೂರ್ತಿ ಇವೆಯೇ, ಗಾಜು ಏರಿಳಿಯುತ್ತದೆಯೇ, ಲಾಕ್ ಬೀಳುತ್ತದೆಯೇ ನೋಡಿಕೊಳ್ಳಿ. ಮುಂದಿನ ಬಾಗಿಲು ಎರಡು ಬಾಗಿಲಿನ ಗಾಡಿಗಳಲ್ಲೂ ಬಳಕೆಯಾದದ್ದು, ಹುಡುಕಿದರೆ ಸಿಗುತ್ತದೆ. ಹಿಂಬಾಗಿಲು ಕ್ರೂ ಕ್ಯಾಬ್‌ಗೆ ಮಾತ್ರ ಬರುವಂಥದ್ದು. ಎರಡು ಕ್ಯಾಬ್ ಸೇರಿಸಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ: ಚಾವಣಿ, ನೆಲ, ಕಂಬ ಎಲ್ಲವನ್ನೂ ಕೊಯ್ದು ಸೇರಿಸಿದ ಮೇಲೂ ಹಿಂಬಾಗಿಲನ್ನು ಕೈಯಿಂದಲೇ ತಯಾರಿಸಬೇಕು. ಚಾವಣಿಯ ತೆಳು ತಗಡು ಬೆಸುಗೆಯ ಕಾವಿಗೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಮೂವತ್ತು ವರ್ಷ ಟಿಂಕರಿಂಗ್ ಮಾಡಿದವರೂ ಈ ಕೆಲಸವನ್ನು ನಿಧಾನವಾಗಿ ಒಪ್ಪಿಕೊಳ್ಳುತ್ತಾರೆ, ಬೇಗ ಬಿಟ್ಟುಬಿಡುತ್ತಾರೆ.

ಹಿಂದೆ ಒಂದೊಂದು ಕಡೆ ಒಂದೇ ಚಕ್ರವಿರುವ ಕ್ರೂ ಕ್ಯಾಬ್ ಆರಿಸಿ. ಜೋಡಿ ಚಕ್ರದ ಒಂದು ಟನ್ ಗಾಡಿಯ ಹಿಂದಿನ ಆಕ್ಸೆಲ್ ಅಗಲ. ಮಾಮೂಲಿ ಗಿಡ್ಡ ಬೆಡ್‌ನ ಚಕ್ರದ ಗೂಡಿಗೆ ಅದು ಹೊಂದುವುದಿಲ್ಲ, ಆಕ್ಸೆಲ್ಲನ್ನೇ ಬದಲಿಸಬೇಕಾಗುತ್ತದೆ. ವರ್ಷ 1973ರಿಂದ 1980ರೊಳಗಿದ್ದರೆ ನಿಮ್ಮ 1979ರ ಗಾಡಿಯ ಬಾನೆಟ್, ಮುಂದಿನ ಮಡ್‌ಗಾರ್ಡ್‌ಗಳಿಗೆ ಒಳ್ಳೆಯ ಜೋಡಿ. 1981ರಲ್ಲಿ ಮುಖದ ತಗಡು ಬದಲಾಯಿತು.

ಈಗ ಕೊಯ್ಯುವ ವಿಷಯ. ಗಿಡ್ಡ ಮಾಡುವುದೆಂದರೆ ಒಂದು ಕೊಯ್ತವಲ್ಲ, ಎರಡು. ಉದ್ದ ಬೆಡ್ ಸುಮಾರು ಎಂಟಡಿ, ಗಿಡ್ಡದ್ದು ಆರೂವರೆ ಅಡಿ, ವ್ಯತ್ಯಾಸ ಸುಮಾರು 20 ಇಂಚು. ಅದರಲ್ಲಿ 14 ಇಂಚು ಚಕ್ರದ ಮುಂದಿನದು, ಉಳಿದ 6 ಇಂಚು ಚಕ್ರದ ಹಿಂದಿನ ಬಾಲದ್ದು. ಆದ್ದರಿಂದ ಫ್ರೇಮಿನಲ್ಲಿ ನಡುವೆ 14, ಕೊನೆಯಲ್ಲಿ 6. ಬಾಲದ 6 ಇಂಚು ಏನೂ ಅಲ್ಲ, ಕೊಯ್ದು ಬಂಪರ್‌ನ ತೂತುಗಳನ್ನು ಮುಂದೆ ಕೊರೆದರಾಯಿತು. ಇದೇ ಕಾರಣಕ್ಕೆ ಉದ್ದ ಬೆಡ್‌ನ ಪಕ್ಕದ ತಗಡುಗಳನ್ನು ಕೊಯ್ದು ಗಿಡ್ಡ ಮಾಡಲು ಹೋಗಬೇಡಿ. ಅಲ್ಲೂ ಮುಂದೊಂದು, ಹಿಂದೊಂದು ಎರಡೆರಡು ಜೋಡಣೆ ಬೀಳುತ್ತವೆ, ಬಿಸಿಲಿನಲ್ಲಿ ನಿಲ್ಲಿಸಿದಾಗ ಎರಡೂ ಎದ್ದು ಕಾಣುತ್ತವೆ. ಗಿಡ್ಡ ಬೆಡ್‌ನ ಹೊಸ ಪಕ್ಕಗಳು ಮಾರುಕಟ್ಟೆಯಲ್ಲಿ ತಯಾರಾಗಿ ಬರುತ್ತಿವೆ, ಅವನ್ನೇ ಕೊಳ್ಳಿ. ದುಡ್ಡು ಹೋಗುತ್ತದೆ, ಆದರೆ ತಿಂಗಳುಗಳು ಉಳಿಯುತ್ತವೆ.

ನಡುವಿನ 14 ಇಂಚು ಎಲ್ಲಿಂದ ತೆಗೆಯಬೇಕು ಎನ್ನುವುದೇ ಈ ಕೆಲಸದ ಹೃದಯ. ಕ್ಯಾಬನ್ನು ಫ್ರೇಮಿಗೆ ಹಿಡಿಸಿರುವ ಹಿಂದಿನ ಮೌಂಟ್ ದಾಟಿದ ಮೇಲೆ, ಹಿಂದಿನ ಪಟ್ಟಿ ಸ್ಪ್ರಿಂಗ್‌ನ ಮುಂದಿನ ಕೊಂಡಿ ಬರುವ ಮೊದಲು, ರೈಲು ನೆಟ್ಟಗೆ, ಒಂದೇ ಎತ್ತರದಲ್ಲಿ ಓಡುವ ಜಾಗವಿದೆ. ಅಲ್ಲಿ ಮಾತ್ರ. ಸ್ಪ್ರಿಂಗ್ ಕೊಂಡಿಯ ಪಕ್ಕ ಬೇಡ, ಅಡ್ಡ ತೊಲೆಯ ಪಕ್ಕವೂ ಬೇಡ.

ಕೊಯ್ಯುವ ಮೊದಲು ಗಾಡಿಯ ಮೇಲಿನ ಭಾರ ಇಳಿಸಿ, ಬೆಡ್ ತೆಗೆದು, ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಫ್ರೇಮನ್ನು ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ, ಕೊಯ್ತದ ಮುಂದೆಯೂ ಹಿಂದೆಯೂ ಸ್ಟ್ಯಾಂಡ್ ಕೊಟ್ಟು, ಮಟ್ಟಗೋಲಿನಿಂದ ಮಟ್ಟ ಮಾಡಿ. ಆಮೇಲೆ ಎರಡೂ ರೈಲುಗಳ ಮೇಲೆ, ಕೊಯ್ತದಿಂದ ಒಂದೊಂದು ಅಡಿ ಮುಂದೆ ಮತ್ತು ಹಿಂದೆ ಸೆಂಟರ್ ಪಂಚ್‌ನಿಂದ ಚುಕ್ಕಿ ಹೊಡೆಯಿರಿ. ಒಟ್ಟು ನಾಲ್ಕು ಚುಕ್ಕಿ. ಎಡ ಮುಂದಿನದರಿಂದ ಬಲ ಹಿಂದಿನದಕ್ಕೆ, ಬಲ ಮುಂದಿನದರಿಂದ ಎಡ ಹಿಂದಿನದಕ್ಕೆ ಟೇಪು ಹಿಡಿಯಿರಿ. ಎರಡೂ ಕರ್ಣ ಸಮವಿರಬೇಕು. ಕೆಲಸದ ಗಾಡಿಯಾದ್ದರಿಂದ ಫ್ರೇಮ್ ಮೊದಲೇ ವಕ್ರವಿದ್ದರೂ ಇರಬಹುದು, ಅದು ಗೊತ್ತಾಗುವುದು ಈಗಲೇ. ಸಂಖ್ಯೆಯನ್ನು ಪುಸ್ತಕದಲ್ಲಲ್ಲ, ರೈಲಿನ ಮೇಲೇ ಪೇಂಟ್ ಪೆನ್ನಿನಲ್ಲಿ ಬರೆಯಿರಿ. ಎರಡು ತುಂಡು ಹತ್ತಿರ ತಂದು ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿದ ಮೇಲೆ ಮತ್ತೆ ಅಳೆಯಿರಿ, ಪೂರ್ತಿ ಬೆಸೆದ ಮೇಲೆ ಇನ್ನೊಮ್ಮೆ. ಕರ್ಣಗಳ ನಡುವೆ 3 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಿಡಿಸಿ. ಅಷ್ಟಕ್ಕೆಲ್ಲ ಏನಾಗುತ್ತದೆ ಎನ್ನುವವರ ಗಾಡಿಗಳು ಹೆದ್ದಾರಿಯಲ್ಲಿ ಏಡಿಯಂತೆ ಓರೆಯಾಗಿ ಓಡುವುದನ್ನು ಹಿಂದಿನಿಂದ ನೋಡಿದ್ದೇನೆ.

ಕೊಯ್ತ ನೇರ ಲಂಬವಾಗಿರಬಾರದು. ರೈಲು ಸಿ ಆಕಾರದ್ದು. ಭಾರ ಬಿದ್ದಾಗ ಎಳೆತ ಮತ್ತು ಒತ್ತು ಎರಡೂ ಹೆಚ್ಚಾಗಿ ಬೀಳುವುದು ಮೇಲಿನ ಮತ್ತು ಕೆಳಗಿನ ಅಂಚುಪಟ್ಟಿಗಳ ಮೇಲೆ, ನಡುವಿನ ಗೋಡೆಯ ಮೇಲಲ್ಲ. ಒಂದೇ ಗೆರೆಯಲ್ಲಿ ಮೇಲಿಂದ ಕೆಳಗೆ ಕೊಯ್ದು ಬೆಸೆದರೆ, ಒತ್ತಡ ಹೆಚ್ಚಿರುವ ಎರಡೂ ಕಡೆಯ ಬೆಸುಗೆ ಒಂದೇ ಸಾಲಿನಲ್ಲಿ ಬರುತ್ತದೆ. ಅದರ ಬದಲು ಮೆಟ್ಟಿಲಿನಂತೆ ಕೊಯ್ಯಿರಿ: ಮೇಲಿನ ಪಟ್ಟಿಯ ಕೊಯ್ತ ಒಂದು ಕಡೆ, ಕೆಳಗಿನದು ಕೆಲವು ಇಂಚು ಆಚೆ, ನಡುವೆ ಗೋಡೆಯಲ್ಲಿ ಅಡ್ಡ ಗೆರೆ. ಬೆಸೆದ ಮೇಲೆ ಗೋಡೆಯ ಒಳಮುಖಕ್ಕೆ ಬಲಪಡಿಸುವ ತಟ್ಟೆ ಕೂರಿಸಿ. ತಟ್ಟೆಯ ಎರಡು ತುದಿ ಚೂಪಾಗಿ ಇಳಿಯಬೇಕು, ಚೌಕವಾಗಿ ನಿಲ್ಲಬಾರದು. ಚೌಕ ತುದಿಯಲ್ಲಿ ಫ್ರೇಮಿನ ಬಿಗಿ ಒಮ್ಮೆಲೇ ಬದಲಾಗುತ್ತದೆ, ಬಿರುಕು ಹುಟ್ಟುವುದು ಅಲ್ಲಿಂದಲೇ. ಜೋಡಣೆಯ ಜಾಗವೊಂದನ್ನೇ ಸಿ ಆಕಾರದ ಬಾಯಿ ಮುಚ್ಚಿ ಪೂರ್ತಿ ಪೆಟ್ಟಿಗೆ ಮಾಡಿ ಕಲ್ಲಿನಂತೆ ಗಟ್ಟಿ ಮಾಡುವವರು ಮಾಡುವ ತಪ್ಪೂ ಇದೇ. ಈ ಫ್ರೇಮ್ ಹೊರಳಲು, ಅಂದರೆ ಸ್ವಲ್ಪ ತಿರುಚಿಕೊಳ್ಳಲು ಹುಟ್ಟಿದ್ದು. ಒಂದು ಕಡೆ ಹೊರಳುವುದನ್ನು ತಡೆದರೆ ಆ ಹೊರಳಾಟವೆಲ್ಲ ಪಕ್ಕದ ಒಂದು ಗೇಣಿನಲ್ಲಿ ನಡೆಯುತ್ತದೆ. ತೂತು ಕೊರೆಯುವುದಿದ್ದರೆ ಗೋಡೆಯಲ್ಲಿ ಕೊರೆಯಿರಿ, ಅಂಚುಪಟ್ಟಿಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.

ವೆಲ್ಡಿಂಗ್ ಸ್ವಲ್ಪ ಬರುತ್ತದೆ ಎಂದು ಬರೆದಿದ್ದೀರಿ. ಅಳತೆ, ಕೊಯ್ತ, ಅಂಚು ಉಜ್ಜುವುದು, ತಟ್ಟೆ ಕತ್ತರಿಸುವುದು, ಚುಕ್ಕೆ ಬೆಸುಗೆ ಹಾಕಿ ನಿಲ್ಲಿಸುವುದು, ಇಷ್ಟನ್ನೂ ನೀವೇ ಮಾಡಿ. ಕೊನೆಯ ಬೆಸುಗೆಗೆ ಮಾತ್ರ ಪ್ರಮಾಣಪತ್ರವಿರುವ ವೆಲ್ಡರ್ ಒಬ್ಬರನ್ನು ಮನೆಗೇ ಕರೆಸಿ. ಅರ್ಧ ದಿನದ ಕೆಲಸ. ಈ ಹಗುರ ಟ್ರಕ್‌ಗಳ ಫ್ರೇಮ್ ಮೃದು ಉಕ್ಕಿನದು, ಬೆಸುಗೆಗೆ ಚೆನ್ನಾಗಿ ಒಗ್ಗುತ್ತದೆ. ದೊಡ್ಡ ಲಾರಿಗಳ ಕಾಯಿಸಿ ಹದಗೊಳಿಸಿದ ರೈಲುಗಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅವುಗಳಿಗೆ ಬೆಸುಗೆ ಹಾಕಬೇಡಿ ಎಂದು ರೈಲಿನ ಮೇಲೆಯೇ ಎಚ್ಚರಿಕೆ ಅಂಟಿಸಿರುತ್ತಾರೆ.

ಫ್ರೇಮ್ ಆದ ಮೇಲೆ ಸಣ್ಣ ಕೆಲಸಗಳ ಸಾಲು. ಕ್ರೂ ಕ್ಯಾಬ್‌ಗೆ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್, ನಡುವೆ ಸೆಂಟರ್ ಬೇರಿಂಗ್ ಇರುತ್ತದೆ. 150.5 ಇಂಚಿಗೆ ಇಳಿದರೂ ಎರಡು ತುಂಡನ್ನೇ ಉಳಿಸಿಕೊಳ್ಳಿ, ಒಂದೇ ಉದ್ದ ಶಾಫ್ಟ್ ಹಾಕುವ ಆಸೆ ಬೇಡ. ಶಾಫ್ಟ್ ಉದ್ದವಾದಷ್ಟೂ ಅದು ಕಡಿಮೆ ವೇಗಕ್ಕೇ ಹಗ್ಗದಂತೆ ಬಳುಕಲು ಶುರುಮಾಡುತ್ತದೆ. ಹಿಂದಿನ ತುಂಡನ್ನು 14 ಇಂಚು ಕಡಿದು ಬ್ಯಾಲೆನ್ಸ್ ಮಾಡಿಸಿ ತನ್ನಿ. ಬ್ರೇಕ್ ಪೈಪ್ ಹೊಸದಾಗಿ ಎಳೆಯಿರಿ, ತುದಿಗೆ ಎರಡು ಮಡಿಕೆಯ ಫ್ಲೇರ್ (ಅಗಲಿಸಿದ ಬಾಯಿ) ಮಾಡಿಸಿ. ನಡುವೆ ಕಂಪ್ರೆಷನ್ ಕಪ್ಲಿಂಗ್ ಹಾಕಿ ಜೋಡಿಸಿದ ಬ್ರೇಕ್ ಪೈಪನ್ನು ನಾನು ಯಾರ ಗಾಡಿಯಲ್ಲಿ ಕಂಡರೂ ಆ ಗಾಡಿ ಹತ್ತುವುದಿಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್, ಪೆಟ್ರೋಲ್ ಪೈಪ್, ಹಿಂದಿನ ದೀಪದ ವೈರ್ ಎಲ್ಲ ಸೇರಿ ಒಂದು ವಾರಾಂತ್ಯ.

ಪೆಟ್ರೋಲ್ ಟ್ಯಾಂಕ್ ಬಗ್ಗೆ ಸ್ವಲ್ಪ ನಿಲ್ಲಬೇಕು. 1973ರಿಂದ 1987ರ ಈ ಪಿಕಪ್‌ಗಳಲ್ಲಿ ಟ್ಯಾಂಕ್ ಇರುವುದು ಫ್ರೇಮ್ ರೈಲಿನ ಹೊರಗೆ, ಬೆಡ್‌ನ ಪಕ್ಕದ ತಗಡಿನ ಒಳಗೆ. ಪಕ್ಕದಿಂದ ಯಾರಾದರೂ ಗುದ್ದಿದರೆ ಟ್ಯಾಂಕ್‌ಗೆ ಮೊದಲ ಪೆಟ್ಟು. ಅಮೆರಿಕದಲ್ಲಿ ಇದರ ಮೇಲೆ ವರ್ಷಗಟ್ಟಲೆ ಮೊಕದ್ದಮೆ ನಡೆದವು, 1992ರಲ್ಲಿ ಸರ್ಕಾರದ ತನಿಖೆಯೂ ಶುರುವಾಯಿತು. ಮುಂದಿನ ತಲೆಮಾರಿನ ಪಿಕಪ್‌ನಲ್ಲಿ ಜಿಎಂ ಟ್ಯಾಂಕನ್ನು ರೈಲಿನ ಒಳಗೆ ತಂದಿತು. ಹೇಗೂ 14 ಇಂಚು ತೆಗೆದ ಮೇಲೆ ಹಳೆಯ ಉದ್ದ ಟ್ಯಾಂಕ್‌ಗೆ ಜಾಗ ಸಾಲುವುದಿಲ್ಲ. ಗಿಡ್ಡ ಗಾಡಿಗೆ ಬರುತ್ತಿದ್ದ 16 ಗ್ಯಾಲನ್ನಿನದನ್ನು ಅದೇ ಪಕ್ಕಕ್ಕೆ ಹಾಕುವ ಬದಲು, ಅದೇ ಕಾಲದ ಷೆವಿ ಬ್ಲೇಜರ್ ಎಂಬ ಜೀಪಿನಂಥ ಗಾಡಿಯ ಟ್ಯಾಂಕ್ ತಂದು ಹಿಂದಿನ ಆಕ್ಸೆಲ್‌ನ ಆಚೆ ಎರಡು ರೈಲುಗಳ ನಡುವೆ ಕೂರಿಸಿ. ಬಹಳ ಜನ ಮಾಡುವ ಬದಲಾವಣೆ ಇದು. ಬಾಲದ 6 ಇಂಚು ಕೊಯ್ಯುವ ಮೊದಲೇ ಟ್ಯಾಂಕ್ ಹಿಡಿದು ಅಳತೆ ನೋಡಿಕೊಳ್ಳಿ.

ಮಕ್ಕಳ ಸೀಟಿನ ವಿಷಯ ನೀವು ಕೇಳಿಲ್ಲ, ಆದರೆ ಈ ಗಾಡಿ ಬೇಕಾಗಿರುವುದೇ ಅವರಿಗಾಗಿ. ಈಗಿನ ಕಾರುಗಳಲ್ಲಿ ಮಕ್ಕಳ ಸೀಟು ಸಿಕ್ಕಿಸುವ ಲ್ಯಾಚ್ ಕೊಕ್ಕೆಗಳು ಅಮೆರಿಕದಲ್ಲಿ ಪೂರ್ತಿ ಕಡ್ಡಾಯವಾದದ್ದು 2002ರ ಸೆಪ್ಟೆಂಬರಿನಿಂದ. ಹಳೆ ಕ್ರೂ ಕ್ಯಾಬಿನ ಹಿಂದಿನ ಸೀಟಿನಲ್ಲಿ ಸಿಗುವುದು ಸೊಂಟದ ಬೆಲ್ಟ್ ಮಾತ್ರ. ಮೂರು ವರ್ಷದ ಮಗುವಿನ ಐದು ಪಟ್ಟಿಯ ಸೀಟನ್ನು ಸೊಂಟದ ಬೆಲ್ಟಿನಿಂದ ಬಿಗಿಯಬಹುದು. ಏಳು ವರ್ಷದ ಮಗು ಬೂಸ್ಟರ್ ಮೇಲೆ ಕೂರಬೇಕಾದರೆ ಹೆಗಲಿನ ಮೇಲೆ ಹಾಯುವ ಬೆಲ್ಟ್ ಬೇಕೇ ಬೇಕು. ಟೆಕ್ಸಸ್‌ನಲ್ಲಿ ಎಂಟು ವರ್ಷ ತುಂಬುವ ತನಕ, ಅಥವಾ 4 ಅಡಿ 9 ಇಂಚು ಎತ್ತರವಾಗುವ ತನಕ, ಮಕ್ಕಳ ಸೀಟು ಕಾನೂನೇ ಕೇಳುತ್ತದೆ. ಹಾಗಾಗಿ ಮೂರು ಬಿಂದುವಿನ ಬೆಲ್ಟ್ ಹಾಕಿಸಿ. ಕಂಬದ ತೆಳು ತಗಡಿಗೆ ಸುಮ್ಮನೆ ನಟ್ ಬೆಸೆದರೆ ಅಪಘಾತದಲ್ಲಿ ಕಿತ್ತು ಬರುತ್ತದೆ. ಕಂಬದೊಳಗೆ ದಪ್ಪ ತಟ್ಟೆ ಕೂರಿಸಿ ಅದಕ್ಕೆ ಹಿಡಿಸಬೇಕು. ಬಣ್ಣಕ್ಕೆ ಖರ್ಚು ಮಾಡುವ ಮೊದಲು ಇದಕ್ಕೆ ಮಾಡಿ.

ಕಾಗದಪತ್ರದಲ್ಲಿ ಒಂದು ಕೆಲಸ ಮಾತ್ರ ಮಾಡಬೇಡಿ: ನಿಮ್ಮ ಸಿ10ರ ವಿನ್ (ಗಾಡಿಯ ಗುರುತಿನ ಸಂಖ್ಯೆ) ಫಲಕ ಕಿತ್ತು ಹೊಸ ಕ್ಯಾಬ್‌ಗೆ ರಿವೆಟ್ ಹೊಡೆಯುವುದು. ವಿನ್ ತೆಗೆಯುವುದು, ಬದಲಿಸುವುದು ಅಮೆರಿಕದಲ್ಲಿ ಫೆಡರಲ್ ಅಪರಾಧ. ಫ್ರೇಮೂ ಕ್ಯಾಬೂ ಎರಡೂ ಕ್ರೂ ಕ್ಯಾಬ್ ಗಾಡಿಯವೇ ಆದಾಗ ಅದು ಕ್ರೂ ಕ್ಯಾಬ್ ಗಾಡಿಯೇ, ಅದರ ಟೈಟಲ್ (ಒಡೆತನದ ಪತ್ರ) ಮೇಲೇ ಓಡಲಿ. ಆದ್ದರಿಂದ ಟೈಟಲ್ ಇಲ್ಲದ ಗಾಡಿಯನ್ನು ಬಿಡಿಭಾಗವೆಂದು ಕೊಳ್ಳಬೇಡಿ. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಸಾಧ್ಯತೆಯಿದ್ದರೆ ಇನ್ನೊಂದು ಲೆಕ್ಕವಿದೆ: ಅಲ್ಲಿ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಗಾಡಿಗಳಿಗೆ ಹೊಗೆ ಪರೀಕ್ಷೆಯಿಂದ ವಿನಾಯಿತಿ, 1976ರಿಂದ ಈಚಿನವಕ್ಕೆ ಇಲ್ಲ. ಅದೇ ಬೆಲೆಗೆ 1975ರ ಕ್ರೂ ಕ್ಯಾಬ್ ಸಿಕ್ಕರೆ ಅದನ್ನೇ ತನ್ನಿ. ವಿಮೆಯವರಿಗೆ ಮಾರ್ಪಾಡಿನ ಫೋಟೊ ಸಮೇತ ಮೊದಲೇ ತಿಳಿಸಿ.

ಗ್ಯಾರೇಜಿನ ವಿಚಾರಕ್ಕೆ ಬಂದರೆ, ನಿಮ್ಮ ಈಗಿನ ಗಾಡಿಯ ಉದ್ದ ಸುಮಾರು 212 ಇಂಚು. ಅದಕ್ಕೆ 33 ಸೇರಿಸಿ, 20 ಕಳೆದರೆ 225 ಇಂಚು, ಅಂದರೆ 18 ಅಡಿ 9 ಇಂಚು. ಗಿಡ್ಡ ಬೆಡ್ ಹಾಕಿದ ಮೇಲೂ ಗಾಡಿ ಈಗಿನದಕ್ಕಿಂತ ಒಂದಡಿಗೂ ಹೆಚ್ಚು ಉದ್ದವೇ ಆಗುತ್ತದೆ, ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಗ್ಯಾರೇಜ್ 20 ಅಡಿ ಆಳವಿದ್ದರೆ ಉಳಿಯುವುದು 15 ಇಂಚು. ತಿರುಗುವ ವೃತ್ತವೂ ಸುಮಾರು ಶೇಕಡ 14 ದೊಡ್ಡದಾಗುತ್ತದೆ. ಅಂಗಡಿಯ ಪಾರ್ಕಿಂಗ್‌ನಲ್ಲಿ ಒಂದೇ ಸಲಕ್ಕೆ ನುಗ್ಗಿಸುತ್ತಿದ್ದ ಕಡೆ ಹಿಂದೆ ಮುಂದೆ ಆಡಿಸಬೇಕಾಗುತ್ತದೆ. ಸವಾರಿಯೂ ಗಡುಸು, ಒಂದು ಟನ್ ವರ್ಗದ ಸ್ಪ್ರಿಂಗ್ ಖಾಲಿ ಬೆಡ್‌ಗೆ ಬಗ್ಗುವುದೇ ಇಲ್ಲ. ಇದೆಲ್ಲ ಓದಿ ಉತ್ಸಾಹ ಅರ್ಧವಾದರೆ, ಅದೇ ಮುಖದ, ಅದೇ ಕಾಲದ ನಾಲ್ಕು ಬಾಗಿಲಿನ, ಹಿಂಬದಿಯೂ ಮುಚ್ಚಿದ ಷೆವಿ ಸಬರ್ಬನ್ ಇದೆ. ವೀಲ್‌ಬೇಸ್ 129.5 ಇಂಚು, ನಿಮ್ಮ ಈಗಿನ ಗಾಡಿಗಿಂತ ಗಿಡ್ಡ. ಬೆಡ್ ಇರುವುದಿಲ್ಲ, ಅಷ್ಟೇ. ಬೆಡ್‌ನಲ್ಲಿ ನೀವು ಏನು ಹಾಕುತ್ತೀರಿ ಎಂದು ಒಮ್ಮೆ ಹೆಂಡತಿಯನ್ನು ಕೇಳಿ ನೋಡಿ.

ಇನ್ನು ತಮ್ಮನ ಬೊಲೆರೊ. ಅವರಿಗೆ ಬೇಡ ಎನ್ನಿ, ಇಲ್ಲಿ ಲೆಕ್ಕಾಚಾರಕ್ಕೆ ಜಾಗವೇ ಇಲ್ಲ. ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎಫ್‌ಸಿಗೆ ಹೋದ ದಿನವೇ ಗಾಡಿ ನಿಂತುಹೋಗುತ್ತದೆ. ಅದಕ್ಕಿಂತ ಮುಖ್ಯ, ಅಪಘಾತವಾದರೆ ವಿಮೆಯವರು ಕೈತೊಳೆದುಕೊಳ್ಳಲು ನೆಪ ಹುಡುಕಬೇಕಾಗಿಲ್ಲ, ಅದು ಕಣ್ಣೆದುರೇ ನಾಲ್ಕು ಬಾಗಿಲು ತೆರೆದು ನಿಂತಿರುತ್ತದೆ. ಐದು ಜನ ಕೂರುವ ಕ್ಯಾಬ್, ಹಿಂದೆ ಗಿಡ್ಡ ಬಾಡಿ ಇರುವ ಬೊಲೆರೊ ಕ್ಯಾಂಪರನ್ನು ಮಹೀಂದ್ರಾದವರೇ ಮಾರುತ್ತಾರೆ. ಇರುವ ಪಿಕಪ್ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ತೆಗೆದುಕೊಳ್ಳಲಿ. ಆರ್‌ಸಿಯಲ್ಲಿ ಸೀಟುಗಳ ಸಂಖ್ಯೆ ಸರಿಯಾಗಿದೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಲಿ.